ಅಳಿಸಬೇಕಾ, ನಗಿಸಬೇಕಾ? ಕಥೆ ಬರೆಯುವವರಿಗೆ ಕೋಲಾರದಿಂದ ಒಂದಿಷ್ಟು ಸಲಹೆ

ಕೋಲಾರದ ಕಡೆ ಕಥೆ ಬರೆಯುವ ಹುಡುಗ ಹುಡುಗಿಯರು ಆಗಾಗ ತಮ್ಮ ಬರಹ ತಂದುಕೊಟ್ಟು "ಒಂದ್ಸಲ ಓದಿ ಹೇಳಿ ಸಾರ್" ಅನ್ನುತ್ತಾರೆ. ಓದುತ್ತೇನೆ. ಮುಕ್ಕಾಲು ಪಾಲು ಕಥೆಗಳಲ್ಲಿ ಕೊನೆಯ ಪುಟದಲ್ಲಿ ಯಾರೋ ಒಬ್ಬರು ಸಾಯುತ್ತಾರೆ. ರೈತ, ಇಲ್ಲಾ ಅವನ ಹೆಂಡತಿ, ಅವರಿಬ್ಬರೂ ಬದುಕಿದರೆ ಎತ್ತು. ಉಳಿದ ಕಾಲು ಭಾಗದಲ್ಲಿ ಕೊನೆಗೆ ಜೋರು ಮಳೆ ಬಂದು ಎಲ್ಲರೂ ನೆನೆಯುತ್ತಾ ನಗುತ್ತಾರೆ. ನಮ್ಮ ಕಡೆ ಮಳೆ ಹಾಗೆಲ್ಲ ಕಥೆಗಾರರು ಕರೆದಾಗ ಬರಲ್ಲ, ಆ ಮಾತು ಬೇರೆ.

ಇದರ ಹಿಂದೆ ಒಂದು ಹಳೇ ಜಗಳ ಇದೆ. ಮನೆಯವರು ಕೇಳುತ್ತಾರೆ: "ಯಾವಾಗ್ಲೂ ಗೋಳೇ ಯಾಕೆ ಬರೀತೀಯ, ಜನಕ್ಕೆ ಇರೋ ಕಷ್ಟ ಸಾಲ್ದಾ, ನಾಲ್ಕು ಜನ ಓದಿ ಖುಷಿ ಪಡೋ ಹಾಗೆ ಬರಿ." ಜೊತೆಗೆ ಬರೆಯುವ ಗೆಳೆಯರು ಇದಕ್ಕೆ ಪೂರ್ತಿ ಉಲ್ಟಾ: "ಬೋರ್‌ವೆಲ್ 1,200 ಅಡಿ ಹೋದ್ರೂ ಧೂಳು ಬರೋ ಜಿಲ್ಲೆಯಲ್ಲಿ ಕೂತು ಖುಷಿ ಬರೆಯೋದಕ್ಕೆ ನಾಚಿಕೆ ಆಗಲ್ವಾ?" ಮಧ್ಯೆ ಸಿಕ್ಕವನು ಯಾವ ಕಡೆ ವಾಲಬೇಕು ಅಂತ ತಿಳಿಯದೆ ಒಂದು ಸಾವು, ಒಂದು ಮಳೆ, ಎರಡನ್ನೂ ಹಾಕಿಬಿಡುತ್ತಾನೆ.

ನನ್ನ ಅಭಿಪ್ರಾಯ ಇಷ್ಟು. ದುಃಖ ಬರೆಯಬೇಕಾ ಸಂತೋಷ ಬರೆಯಬೇಕಾ ಅಂತ ಬರೆಯುವ ಮೊದಲೇ ತೀರ್ಮಾನ ಮಾಡಬೇಡಿ. ನೀವು ಬರೆಯಲು ಹೊರಟ ಮನುಷ್ಯನ ಕೆಲಸ, ದುಡ್ಡು, ಊಟ, ಜೊತೆಯ ಜನ ಇವನ್ನು ಚೆನ್ನಾಗಿ ತಿಳಿದುಕೊಳ್ಳಿ. ಎಷ್ಟು ದುಃಖ ಎಷ್ಟು ನಗು ಅನ್ನುವುದನ್ನು ಆ ವಿಷಯವೇ ಹೇಳುತ್ತದೆ. ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಮೊದಲು ಲೆಕ್ಕ ಬರೆಯಿರಿ

ಟೊಮೆಟೊ ಬೆಳೆಗಾರನ ಕಥೆ ಅಂದುಕೊಳ್ಳಿ. ಕೋಲಾರದಲ್ಲಿ ಎಪಿಎಂಸಿ ಯಾರ್ಡ್ ನೋಡದವರೇ ಇಲ್ಲ, ಆದರೂ ಕಥೆಗಳಲ್ಲಿ ಅದು ಕಾಣುವುದೇ ಇಲ್ಲ. ಹೀಗೆ ಬರುತ್ತದೆ: "ಬೆಲೆ ಕುಸಿದಿತ್ತು. ರಾಮಣ್ಣನ ಬದುಕು ಕತ್ತಲಾಯಿತು. ಕಣ್ಣೀರು ಕೋಡಿಯಾಗಿ ಹರಿಯಿತು." ಯಾವ ರಾಮಣ್ಣ, ಎಷ್ಟು ಎಕರೆ, ಬೆಲೆ ಎಷ್ಟಕ್ಕೆ ಬಿತ್ತು, ಒಂದೂ ಇಲ್ಲ. ಈರುಳ್ಳಿ ಬೆಳೆಗಾರನಿಗೂ ಇದೇ ಮೂರು ವಾಕ್ಯ ನಡೆಯುತ್ತದೆ, ಪ್ರೇಮಿಸಿ ಕೈಕೊಟ್ಟವನಿಗೂ ನಡೆಯುತ್ತದೆ.

ಈಗ ಕಥೆ ಬದಿಗಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ರಾಮಣ್ಣ ನರ್ಸರಿಯಿಂದ ನಾರು, ಅಂದರೆ ಸಸಿ ತಂದ, ಮಲ್ಚಿಂಗ್ ಪೇಪರ್ ಹಾಸಿದ, ಡ್ರಿಪ್ ಪೈಪ್ ಎಳೆದ, ನೀಲಗಿರಿ ಕಡ್ಡಿ ನೆಟ್ಟು ದಾರ ಕಟ್ಟಿದ, ಔಷಧಿ ಹೊಡೆದ. ಎರಡು ತಿಂಗಳು ದಾಟಿದ ಮೇಲೆ ಹಣ್ಣು ಕೈಗೆ ಬಂತು. ಒಂದು ದಿನದ ಲೆಕ್ಕ ಹಾಕಿ. 15 ಕೆಜಿಯ 40 ಬಾಕ್ಸ್ ಯಾರ್ಡಿಗೆ ಹೋಯಿತು. ಹರಾಜಿನಲ್ಲಿ ಬಾಕ್ಸಿಗೆ 60 ರೂಪಾಯಿ. ಒಟ್ಟು 2,400. ಕಿತ್ತವರು ನಾಲ್ಕು ಜನ, ತಲೆಗೆ 350 ಅಂದರೆ 1,400. ಟೆಂಪೊ ಬಾಡಿಗೆ 800. ಉಳಿದದ್ದು 200, ಅದರಲ್ಲೂ ಮಂಡಿಯವರ ಕಮಿಷನ್ ಹೋಗಬೇಕು. ನಾರು, ಪೇಪರ್, ಕಡ್ಡಿ, ಔಷಧಿ ಅಂಗಡಿಯ ಸಾಲ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಕಣ್ಣೀರಿನ ಕೋಡಿ ಬೇಡವೇ ಬೇಡ. ಕಥೆಯಲ್ಲಿ ಇಷ್ಟು ಬರಲಿ:

"ಚೀಟಿ ನೋಡಿ ರಾಮಣ್ಣ ಅದನ್ನು ಎರಡು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡ. ಟೆಂಪೊ ಹುಡುಗನಿಗೆ 'ಬಾರೋ ಟೀ ಕುಡಿದು ಹೋಗೋಣ' ಅಂದ. ಟೀ ದುಡ್ಡು ಹುಡುಗನೇ ಕೊಟ್ಟ. ರಾಮಣ್ಣ ಬೇಡ ಅನ್ನಲಿಲ್ಲ."

ಇಲ್ಲಿ ಯಾರೂ ಅತ್ತಿಲ್ಲ. ಆದರೆ ರಾಮಣ್ಣ ಊರಲ್ಲಿ ಯಾರಿಗೂ ಟೀ ದುಡ್ಡು ಕೊಡಲು ಬಿಡುವವನಲ್ಲ ಅಂತ ಹಿಂದಿನ ಪುಟದಲ್ಲಿ ನೀವು ಒಂದು ಸಾಲು ಇಟ್ಟಿದ್ದರೆ, ಓದುವವರ ಹೊಟ್ಟೆಯಲ್ಲಿ ಸಂಕಟ ಆಗೇ ಆಗುತ್ತದೆ. ಜೊತೆಗೆ ಒಂದು ಸಣ್ಣ ಒಳ್ಳೆಯತನವೂ ಬಂತು ನೋಡಿ, ಬಾಡಿಗೆ ತಗೊಂಡ ಹುಡುಗನೇ ಟೀ ಕುಡಿಸಿದ್ದು. ಇದನ್ನು ನೀವು 'ಸಂತೋಷ ಕೊಡಬೇಕು' ಅಂತ ತಂದು ತುರುಕಿದ್ದಲ್ಲ. ಯಾರ್ಡ್ ಹೊರಗಿನ ಟೀ ಅಂಗಡಿ ಹತ್ತಿರ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಇಂಥವು ಕಾಣುತ್ತವೆ.

ಲೆಕ್ಕ ಅಂದರೆ ದುಡ್ಡಿನ ಲೆಕ್ಕವೇ ಆಗಬೇಕಿಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರ ಕಥೆಯಾದರೆ ಹುಳ ಎಷ್ಟನೇ ಜ್ವರದಲ್ಲಿ, ಅಂದರೆ ಪೊರೆ ಬಿಡುವ ಎಷ್ಟನೇ ಹಂತದಲ್ಲಿ ಕೈಕೊಟ್ಟಿತು ಅನ್ನುವುದು ಮುಖ್ಯ. ಎರಡನೇ ಜ್ವರದಲ್ಲಿ ಹೋದರೆ ನಷ್ಟ ಕಡಿಮೆ, ಬೈದುಕೊಂಡು ಬೇರೆ ಚಾಕಿ, ಅಂದರೆ ಮರಿಹುಳ ತರಬಹುದು. ನಾಲ್ಕನೇ ಜ್ವರ ಎದ್ದು, ಹಗಲು ರಾತ್ರಿ ಸೊಪ್ಪು ಕೊಯ್ದು ಹಾಕಿ, ಇನ್ನೇನು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಅನ್ನುವಾಗ ಹೋದರೆ ಮನೆಯವರಿಗೆ ಆಗುವ ನೋವೇ ಬೇರೆ. ಇದು ಗೊತ್ತಿಲ್ಲದೆ "ಹುಳುಗಳು ಸತ್ತವು, ಬದುಕು ಮುಗಿಯಿತು" ಅಂತ ಬರೆದರೆ ರೇಷ್ಮೆ ಬೆಳೆಗಾರರು ಓದಿ ನಗುತ್ತಾರೆ. ನೀವು ಅಳಿಸಲು ಹೋಗಿದ್ದಿರಿ.

ಅಳುವ ಕೆಲಸ ಓದುಗರಿಗೆ ಬಿಡಿ

ಬರೆದಾದ ಮೇಲೆ ಪೆನ್ಸಿಲ್ ಹಿಡಿದು ಈ ಮಾತುಗಳ ಕೆಳಗೆ ಗೆರೆ ಎಳೆಯಿರಿ: ಕಣ್ಣೀರು, ಬಿಕ್ಕಿದಳು, ಎದೆ ಒಡೆಯಿತು, ಕರುಳು ಕಿತ್ತು ಬಂತು, ಬರಸಿಡಿಲು, ವಿಧಿಯಾಟ, ಕ್ರೂರ ವಿಧಿ, ಮೂಕವೇದನೆ. ಒಂದು ಕಥೆಗೆ ಒಂದನ್ನು ಉಳಿಸಿಕೊಳ್ಳಿ, ಅದೂ ತೀರಾ ಬೇಕಿದ್ದರೆ. ಉಳಿದವನ್ನು ಹೊಡೆದುಹಾಕಿ ಮತ್ತೆ ಓದಿ. ಕಥೆಯಲ್ಲಿ ಇನ್ನೂ ದುಃಖ ಇದ್ದರೆ ಅದು ಕಥೆಯ ಒಳಗೇ ಇತ್ತು ಅಂತ ಅರ್ಥ. ಎಲ್ಲ ಖಾಲಿಯಾಗಿ ಕಂಡರೆ ದುಃಖ ಬರೀ ಆ ಪದಗಳಲ್ಲಿತ್ತು, ಮತ್ತೆ ಲೆಕ್ಕದ ಹಾಳೆಗೆ ಹೋಗಿ.

ನಮ್ಮ ಹಿಂದಿನವರು ಈ ವಿಷಯದಲ್ಲಿ ತಲೆ ಕೆಡಿಸಿಕೊಂಡಿದ್ದು ಕಡಿಮೆಯೇನಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ರಸ, ಅದರಲ್ಲಿ ಕರುಣವೂ ಇದೆ, ಹಾಸ್ಯವೂ ಇದೆ. ಬದುಕಿನಲ್ಲಿ ಆಗುವ ನೋವು ಶೋಕ, ನೋಡುವವರ ಮನಸ್ಸಿನಲ್ಲಿ ಏಳುವುದು ಕರುಣ ಅಂತ ಎರಡನ್ನೂ ಬೇರೆ ಮಾಡಿ ನೋಡಿದರು. ಸಂಸ್ಕೃತ ನಾಟಕಕಾರ ಭವಭೂತಿಯಂತೂ ಇರುವುದೇ ಕರುಣ ಒಂದು, ಉಳಿದ ರಸವೆಲ್ಲ ಅದರ ಬೇರೆ ಬೇರೆ ರೂಪ ಅಂದುಬಿಟ್ಟ. ಬರೆಯುವವರಿಗೆ ಇದರಿಂದ ಸಿಗುವ ಉಪಯೋಗ ಒಂದೇ: ನಿಮಗೆ ಎಷ್ಟು ನೋವಾಗಿದೆ ಅನ್ನುವುದರ ಮೇಲೆ ಓದುಗರಿಗೆ ಎಷ್ಟು ತಟ್ಟುತ್ತದೆ ಅನ್ನುವುದು ನಿಂತಿಲ್ಲ. "ನಾನು ಅಳ್ತಾ ಅಳ್ತಾ ಬರೆದೆ ಸಾರ್" ಅನ್ನುವವರು ತುಂಬಾ ಜನ. ಪಾಪ, ನಿಜವೇ ಇರುತ್ತದೆ. ಕಥೆಗೆ ಅದರಿಂದ ಏನೂ ಆಗಲ್ಲ.

ಸಾವಿನ ಮನೆಯಲ್ಲಿ ನಗು ಎಲ್ಲಿರುತ್ತೆ ನೋಡಿ

ನಗು ಹಾಕಿದರೆ ದುಃಖ ತೆಳುವಾಗುತ್ತದೆ ಅಂತ ಹೆದರುವವರು ನಮ್ಮ ಕಡೆಯ ಒಂದು ಸಾವಿಗೆ ಹೋಗಿ ಬರಬೇಕು. ವಯಸ್ಸಾದವರು ಹೋದರಂತೂ ತಮಟೆ ಬೇಕೇ ಬೇಕು, ಪಟಾಕಿ ಬೇಕು, ಹೂವು ದಾರಿಯುದ್ದಕ್ಕೂ ಚೆಲ್ಲಬೇಕು. ಮುಂದೆ ಇಬ್ಬರು ಮೂವರು ಕುಣಿಯುತ್ತಾರೆ, ಅದರಲ್ಲಿ ಒಬ್ಬ ಬೆಳಿಗ್ಗೆಯೇ ಹಾಕಿರುತ್ತಾನೆ, ಅವನನ್ನು ಹಿಡಿದುಕೊಳ್ಳಲು ಇನ್ನೊಬ್ಬ. ಸೌದೆ ಹಸಿ ಇದೆಯೋ ಒಣಗಿದೆಯೋ ಅಂತ ಜಗಳ. ಮೈಕಿನವನಿಗೆ ಯಾರು ದುಡ್ಡು ಕೊಡಬೇಕು ಅಂತ ಅಣ್ಣ ತಮ್ಮಂದಿರ ಮಧ್ಯೆ ಗುಸುಗುಸು.

ಒಳಗೆ ಹೆಂಗಸರು ಹಾಡಿಕೊಂಡು ಅಳುತ್ತಿರುತ್ತಾರೆ. ಅತ್ತೆ ಜೊತೆ ಇಪ್ಪತ್ತು ವರ್ಷ ಜಗಳ ಆಡಿದ ಸೊಸೆಯ ದನಿಯೇ ಎಲ್ಲರಿಗಿಂತ ಮೇಲೆ. "ನನ್ನ ಬಿಟ್ಟು ಹೋದ್ಯಲ್ಲವ್ವಾ, ಇನ್ಯಾರು ನನ್ನ ಬೈಯೋರು" ಅಂತ ರಾಗ ಎಳೆಯುತ್ತಾ, ಮಧ್ಯೆ ತಟ್ಟನೆ ದನಿ ಇಳಿಸಿ ಪಕ್ಕದವಳಿಗೆ "ಡೈರಿ ಟೈಮ್ ಆಯ್ತು ಕಣೇ, ಯಾರಾದ್ರೂ ಹಸು ಕರೀರೇ" ಅಂದು, ಮತ್ತೆ ಅದೇ ಶ್ರುತಿಗೆ ವಾಪಸ್. ಇದು ನಾಟಕ ಅಂತ ನೀವು ಬರೆದರೆ ತಪ್ಪು. ಅವಳಿಗೆ ನಿಜಕ್ಕೂ ದುಃಖ ಆಗಿದೆ, ಹಸುವಿನ ಕೆಚ್ಚಲು ಬಿಗಿದಿರುವುದೂ ನಿಜ, ಸಂಜೆ ಹಾಲು ಹಾಕದಿದ್ದರೆ ಹಾಲಿನ ದುಡ್ಡು ಹೋಗುವುದೂ ನಿಜ. ಈ ಮೂರನ್ನೂ ಒಂದೇ ವಾಕ್ಯದಲ್ಲಿ ಇಟ್ಟು ನೋಡಿ. ಓದುವವರಿಗೆ ಮೊದಲು ನಗು ಬರುತ್ತದೆ, ಆಮೇಲೆ ಸಂಕಟ.

ಮದುವೆ ಮನೆಯಲ್ಲಿ ಇದರ ಉಲ್ಟಾ. ಬಾಳೆಲೆ ಮುಂದೆ ಗಲಾಟೆ, ಬೀಗರ ಮೇಲೆ ತಮಾಷೆ, ಅಷ್ಟೆಲ್ಲ ಆದ ಮೇಲೆ ಹೆಣ್ಣು ಒಪ್ಪಿಸುವ ಹಾಡು ಶುರುವಾದರೆ, ಬೆಳಗಿನಿಂದ ಪಾಯಸ ಬಡಿಸುತ್ತಿದ್ದ ದೊಡ್ಡಪ್ಪನೂ ಕಂಬದ ಹಿಂದೆ ಹೋಗಿ ಟವೆಲ್‌ನಲ್ಲಿ ಮುಖ ಒರೆಸಿಕೊಳ್ಳುತ್ತಾನೆ. ದುಃಖ ಬೇರೆ ಕೋಣೆ, ಸಂತೋಷ ಬೇರೆ ಕೋಣೆ ಅಂತ ನಮ್ಮ ಜನ ಮನೆ ಕಟ್ಟಿಯೇ ಇಲ್ಲ. ನೀವು ಕಥೆಯಲ್ಲಿ ಯಾಕೆ ಕಟ್ಟುತ್ತೀರಿ?

ಒಂದು ಎಚ್ಚರ ಬೇಕು. ನಗು ದುಃಖದಲ್ಲಿರುವವರ ಬಾಯಿಂದ, ಅವರ ಪರಿಸ್ಥಿತಿಯಿಂದ ಬರಬೇಕು. ಕಥೆ ಹೇಳುವ ನೀವು ದೂರದಲ್ಲಿ ನಿಂತು ಅವರನ್ನು ನೋಡಿ ನಗಬಾರದು. ಆ ಕುಡಿದು ಕುಣಿಯುವವನನ್ನೇ ತೆಗೆದುಕೊಳ್ಳಿ. ಅವನ ಲುಂಗಿ ಜಾರಿದ್ದನ್ನು ಮಾತ್ರ ಬರೆದರೆ ಅದು ಚೀಪ್ ಕಾಮಿಡಿ. ಸತ್ತ ಅಜ್ಜಿ ಅವನಿಗೆ ದಿನಾ ಮುದ್ದೆ ಹಾಕುತ್ತಿದ್ದಳು, ಇಡೀ ಊರಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ ಅಂತ ಗೊತ್ತಾದ ಮೇಲೆ ಲುಂಗಿ ಜಾರಲಿ, ತೊಂದರೆ ಇಲ್ಲ.

ಸಂತೋಷ ಬರೆಯುವುದೇ ಜಾಸ್ತಿ ಕಷ್ಟ

ದುಃಖ ಬರೆಯುವವರಿಗೆ ಒಂದು ಅನುಕೂಲ ಇದೆ, ಓದುವವರು ತಾವಾಗಿ ಅರ್ಧ ದಾರಿ ಬರುತ್ತಾರೆ. ಸಂತೋಷಕ್ಕೆ ಹಾಗಿಲ್ಲ. ಬೇರೆಯವರ ಸಂತೋಷ ಓದಲು ಜನಕ್ಕೆ ತಾಳ್ಮೆ ಕಡಿಮೆ, ಮದುವೆ ಆಲ್ಬಮ್ ತೋರಿಸುವವರ ಮನೆಯಲ್ಲಿ ಕೂತವರ ಮುಖ ನೋಡಿದರೆ ಗೊತ್ತಾಗುತ್ತದೆ. ಅದಕ್ಕೇ ಹೊಸಬರು ಸಂತೋಷವನ್ನು ಮುಟ್ಟುವುದೇ ಇಲ್ಲ, ಮುಟ್ಟಿದರೆ ಸಕ್ಕರೆ ಸುರಿಯುತ್ತಾರೆ.

ಸಂತೋಷ ಬರೆಯುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದಕ್ಕೆ ಮುಂಚೆ ಏನಿತ್ತು? ಇದು ಯಾರಿಗೆ ಸಿಗಲಿಲ್ಲ? ಇದು ಎಷ್ಟು ದಿನ ಇರುತ್ತದೆ? ಮೂರನೆಯದನ್ನು ಪಾತ್ರಕ್ಕೆ ಗೊತ್ತಿಲ್ಲದಿದ್ದರೂ ಬರೆಯುವ ನಿಮಗೆ ಗೊತ್ತಿರಲಿ.

2023ರ ಜುಲೈ ನೆನಪಿದೆಯಲ್ಲ? 15 ಕೆಜಿ ಟೊಮೆಟೊ ಬಾಕ್ಸ್ ಕೋಲಾರದ ಯಾರ್ಡಿನಲ್ಲಿ ಎರಡು ಸಾವಿರ ರೂಪಾಯಿ ದಾಟಿತ್ತು. ರೇಟ್ ಇಲ್ಲದಾಗ ರಸ್ತೆಗೆ ಸುರಿದು ಬರುತ್ತಿದ್ದ ಹಣ್ಣು ಅದು. ಜನ ರಾತ್ರಿ ಹೊಲದಲ್ಲಿ ಟಾರ್ಚ್ ಹಿಡಿದು ಕಾವಲು ಮಲಗಿದರು. ಇದನ್ನು ನಮ್ಮ ಕಥೆಗಾರರು ಯಾರೂ ಬರೆದು ನನಗೆ ತಂದುಕೊಟ್ಟಿಲ್ಲ, ಯಾಕಂದರೆ ಟೊಮೆಟೊ ಅಂದರೆ ರಸ್ತೆಗೆ ಸುರಿಯಬೇಕು ಅಂತ ಅವರು ಮೊದಲೇ ತೀರ್ಮಾನ ಮಾಡಿದ್ದಾರೆ. ಅದೇ ರಾಮಣ್ಣನನ್ನು ಆ ಜುಲೈಗೆ ತನ್ನಿ. ಅವನ ಹತ್ತಿರ 40 ಬಾಕ್ಸ್ ಇದೆ. ಈಗ ಲೆಕ್ಕ ಹಾಕಿ, ಒಂದೇ ಬೆಳಿಗ್ಗೆ 80,000. ಅವನಿಗೆ ಏನಾಗುತ್ತದೆ? ಖುಷಿಯಿಂದ ಕುಣಿದ ಅಂತ ಬರೆಯಬೇಡಿ. ಇಂಥ ದಿನ ಜನ ಮೊದಲು ಹೆದರುತ್ತಾರೆ. ಚೀಟಿಯನ್ನು ಎರಡು ಸಲ ಓದಿಸುತ್ತಾರೆ. ದುಡ್ಡನ್ನು ಒಂದೇ ಜೇಬಿನಲ್ಲಿ ಇಡದೆ ಪಂಚೆ, ಬನಿಯನ್ನು, ಟಿಫನ್ ಡಬ್ಬ ಅಂತ ಹಂಚಿ ಇಡುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವನು ಮಾತಾಡಿಸಿದರೂ ಅನುಮಾನ. ಔಷಧಿ ಅಂಗಡಿಯವನು ಮೊದಲ ಸಲ "ಕೂತ್ಕೊಳಣ್ಣ" ಅಂತ ಕುರ್ಚಿ ಕೊಡುತ್ತಾನೆ, ಆ ಕುರ್ಚಿಯಲ್ಲಿ ಕೂರಲು ರಾಮಣ್ಣನಿಗೆ ಸಂಕೋಚ. ಇಲ್ಲಿದೆ ನಿಮ್ಮ ಸಂತೋಷ, ಆ ಕುರ್ಚಿಯಲ್ಲಿ.

ಇನ್ನು ಎರಡನೇ ಪ್ರಶ್ನೆ. ಪಕ್ಕದ ಹೊಲದ ವೆಂಕಟೇಶಪ್ಪ ರೇಟ್ ಇಲ್ಲ ಅಂತ ಬೇಸತ್ತು ಬೇಸಿಗೆಯಲ್ಲೇ ಗಿಡ ಕಿತ್ತು ಹಾಕಿದ್ದಾನೆ. ರಾಮಣ್ಣ ಸಂಜೆ ಮನೆಗೆ ಹೋಗುವ ದಾರಿ ಅವನ ಮನೆ ಮುಂದೆಯೇ. ಏನು ಮಾಡುತ್ತಾನೆ? ಆ ದಾರಿ ಬಿಟ್ಟು ಸುತ್ತಿ ಹೋಗುತ್ತಾನಾ, ಇಲ್ಲಾ ನಿಂತು ಮಾತಾಡಿಸಿ "ಏನೋ ಪರವಾಗಿಲ್ಲ ರೇಟು" ಅಂತ ಸುಳ್ಳು ಹೇಳುತ್ತಾನಾ? ವೆಂಕಟೇಶಪ್ಪನಿಗೆ ಫೋನಿನಲ್ಲಿ ರೇಟ್ ಆಗಲೇ ಬಂದಿರುತ್ತದೆ, ಅವನಿಗೂ ಗೊತ್ತು, ಇವನಿಗೂ ಗೊತ್ತು. ಈ ಐದು ನಿಮಿಷ ಸರಿಯಾಗಿ ಬರೆದರೆ ಇದು ದುಃಖದ ಕಥೆಯೋ ಸಂತೋಷದ ಕಥೆಯೋ ಅಂತ ಯಾರೂ ಕೇಳಲ್ಲ.

ಕೆರೆ ತುಂಬಿದ್ದನ್ನೂ ಹೀಗೇ ಬರೆಯಬೇಕು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೆರೆ ಮೇಲೆ ಕೆರೆ ತುಂಬುತ್ತಾ ಹೋಯಿತು. ವರ್ಷಗಟ್ಟಲೆ ಜಾಲಿ ಬೆಳೆದು ಹುಡುಗರು ಕ್ರಿಕೆಟ್ ಆಡುತ್ತಿದ್ದ ಅಂಗಳದಲ್ಲಿ ನೀರು ನಿಂತಿತು, ಒಣಗಿದ್ದ ಬಾವಿ ಬೋರ್‌ವೆಲ್‌ಗಳಲ್ಲಿ ನೀರು ಕಂಡಿತು. ಅದು ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಪಂಪ್ ಮಾಡಿದ್ದು, ಮೂರನೇ ಹಂತ ಬೇಕು ಅಂತ ಇಲ್ಲಿಯವರು ಹೋರಾಡುತ್ತಲೇ ಇದ್ದಾರೆ, ವಿಷಯ ಕೋರ್ಟ್ ಮೆಟ್ಟಿಲೂ ಹತ್ತಿತ್ತು. ಬರೀ "ಗಂಗೆ ಬಂದಳು" ಅಂತ ಬಾಗಿನ ಬಿಡಿಸಿದರೆ ಅರ್ಧ ಸತ್ಯ. ಬರೀ "ನಮಗೆ ಕೊಳಚೆ ಕೊಟ್ಟರು" ಅಂದರೂ ಅರ್ಧವೇ, ಯಾಕಂದರೆ ಕೋಡಿ ಹೋದ ದಿನ ಕೆರೆ ಏರಿ ಮೇಲೆ ನಿಂತವರ ಮುಖದಲ್ಲಿ ಇದ್ದದ್ದು ನಿಜವಾದ ಸಂತೋಷ. ಮೂಗು ಮುಚ್ಚಿಕೊಂಡು ಕೈ ಮುಗಿದ ಒಬ್ಬ ಅಜ್ಜಿಯನ್ನು ಕಥೆಗೆ ತಂದರೆ ಸಾಕು, ಎರಡು ಪುಟದ ಭಾಷಣ ಉಳಿಯುತ್ತದೆ.

ಸಮಾಧಾನ ಹೇಳಬಾರದ ಜಾಗ

ಇಷ್ಟೆಲ್ಲ ಹೇಳಿದೆ ಅಂತ ಎಲ್ಲ ಕಡೆ ನಗುವನ್ನು ಹುಡುಕಿಕೊಂಡು ಹೋಗಬೇಡಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯಲ್ಲಿ ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಆಮೇಲೆ ಕೋರ್ಟಿನಲ್ಲಿ ಆರೋಪಿಗಳು ಖುಲಾಸೆಯಾದರು. ಇಂಥದ್ದರ ಬಗ್ಗೆ ಬರೆಯುವ ಕಥೆಯ ಕೊನೆಗೆ ಸೂರ್ಯ ಹುಟ್ಟಿಸುವುದು, ಎರಡೂ ಕೇರಿಯ ಮಕ್ಕಳ ಕೈ ಕೈ ಹಿಡಿಸುವುದು, 'ಕತ್ತಲೆಯ ಆಚೆ ಬೆಳಕಿದೆ' ಅನ್ನುವುದು, ಇದು ಓದುಗರಿಗೆ ಸಂತೋಷ ಕೊಟ್ಟ ಹಾಗಲ್ಲ. ಓದುಗರನ್ನು ಪುಸಲಾಯಿಸಿ ಮನೆಗೆ ಕಳಿಸಿದ ಹಾಗೆ. ಆ ಸಂತೋಷ ಅಲ್ಲಿ ಯಾರಿಗೂ ಸಿಗಲಿಲ್ಲವಲ್ಲ, ನೀವು ಎಲ್ಲಿಂದ ತಂದಿರಿ?

ಗುರುತಿಸುವುದು ಹೇಗೆ? ಒಂದು ದುಃಖಕ್ಕೆ ಯಾರಾದರೂ ಮನುಷ್ಯರು ಕಾರಣವಾಗಿದ್ದು, ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲದಿದ್ದರೆ, ಕಥೆಯಲ್ಲೂ ಚುಕ್ತಾ ಮಾಡಬೇಡಿ. ಬರಗಾಲದ ಕೊನೆಗೆ ಮಳೆ ತರಬಹುದು, ಬರಗಾಲಗಳು ಮುಗಿಯುತ್ತವೆ. ಕೊಲೆಯ ಕೊನೆಗೆ ಕ್ಷಮೆ ತರುವ ಮುಂಚೆ, ಕ್ಷಮಿಸುವ ಹಕ್ಕು ಯಾರದ್ದು ಅಂತ ಯೋಚಿಸಿ. ಬರೆಯುವವರದ್ದಂತೂ ಅಲ್ಲ.

ಅಲ್ಲೂ ಸಹ ಜನ ಬದುಕುತ್ತಾರೆ, ಊಟ ಮಾಡುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಅದನ್ನು ಬರೆಯಿರಿ, ಬರೆಯಲೇಬೇಕು. ಅದನ್ನು ಪರಿಹಾರ ಅಂತ ತೋರಿಸಬೇಡಿ, ಅಷ್ಟೇ.

ಬೇರೆ ಊರಿನ ದುಃಖ ಬರೆಯುವಾಗ

ಕೆಜಿಎಫ್ ಬಗ್ಗೆ ಬರೆಯುವ ಆಸೆ ಎಲ್ಲರಿಗೂ. 120 ವರ್ಷ ದಾಟಿದ ಚಿನ್ನದ ಗಣಿ, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ ಹೋಗಿತ್ತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು, ಬೆಂಗಳೂರಿಗಿಂತ ಮೊದಲು. ಈಗ ತುಕ್ಕು ಹಿಡಿದ ಶಾಫ್ಟ್, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬ, ಗಾಳಿಗೆ ಏಳುವ ಧೂಳು. ದುಃಖಕ್ಕೆ ಬೇಕಾದ ಸಾಮಾನೆಲ್ಲ ರೆಡಿ ಇದೆ, ಕ್ಯಾಮೆರಾ ತಂದವರೂ ಅದನ್ನೇ ಹಿಡಿಯುತ್ತಾರೆ, ಕಥೆ ಬರೆಯುವವರೂ ಅದನ್ನೇ. ಊರಿಗೆ ಊರೇ ಸತ್ತುಹೋಗಿದೆ ಅಂತ ಬರೆದು ಬಿಡುತ್ತಾರೆ.

ಅಲ್ಲಿಯದೇ ಸ್ಟೇಷನ್ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಹತ್ತಿ ನೋಡಿ. ಕಾಲಿಡಲು ಜಾಗ ಇರಲ್ಲ. ಗಣಿ ಕೆಲಸಗಾರರ ಮಕ್ಕಳು, ಮೊಮ್ಮಕ್ಕಳು ದಿನಾ ಹೋಗಿ ದುಡಿದು ರಾತ್ರಿ ವಾಪಸ್ ಬರುತ್ತಾರೆ. ನಿದ್ದೆ, ಇಸ್ಪೀಟು, ತಮಿಳು ಕನ್ನಡ ತೆಲುಗು ಉರ್ದು ಎಲ್ಲ ಸೇರಿದ ಜಗಳ, ಸೀಟಿಗೆ ಕರ್ಚೀಫು. ಇವರನ್ನು ಸತ್ತ ಊರಿನ ದೆವ್ವಗಳ ಹಾಗೆ ಬರೆದರೆ ಅವರಿಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಹಾಗಂತ ಗಣಿಯ ಧೂಳಿಗೆ ಶ್ವಾಸಕೋಶ ಕಳೆದುಕೊಂಡು ಸಿಲಿಕೋಸಿಸ್‌ನಿಂದ ಕೆಮ್ಮುತ್ತಾ ಲೈನ್ ಮನೆಯಲ್ಲಿ ಮಲಗಿದ ಮುದುಕನನ್ನು ಬಿಡುವಂತಿಲ್ಲ. ಕೇಳಬೇಕಾದ್ದು ಇಷ್ಟೇ: ಅವನು ದಿನವಿಡೀ ಏನು ಮಾಡುತ್ತಾನೆ? ಯಾರ ಜೊತೆ ಮಾತಾಡುತ್ತಾನೆ? ಗಣಿಯೊಳಗಿನ ಯಾವ ಜೋಕು ಹೇಳಿ ಇವತ್ತಿಗೂ ನಗುತ್ತಾನೆ? ಹೋಗಿ ಕೂತು ಕೇಳಿ. ಗೋಳು ಕೇಳಲು ಬಂದವರ ಮುಂದೆ ಜನ ಗೋಳೇ ಹೇಳುತ್ತಾರೆ, ಅದು ಅವರಿಗೂ ರೂಢಿ ಆಗಿಹೋಗಿದೆ. ಟೀ ಕುಡಿದು, ಪುಸ್ತಕ ಚೀಲಕ್ಕೆ ಹಾಕಿ, ಸುಮ್ನೆ ಕೂತರೆ ಬೇರೆ ಮಾತು ಹೊರಗೆ ಬರುತ್ತದೆ.

ಕೊನೆ ಹೇಗೆ ಮಾಡಬೇಕು

ಇದಕ್ಕೆ ಜಾಸ್ತಿ ಹೇಳಲ್ಲ. ಕೊನೆಯ ಪ್ಯಾರಾ ಹೊಡೆದುಹಾಕಿ ನೋಡಿ. ಅದರ ಹಿಂದಿನದ್ದು ಕೊನೆಯಾಗಿ ನಿಲ್ಲುತ್ತದಾ? ಸಾಮಾನ್ಯವಾಗಿ ನಿಲ್ಲುತ್ತದೆ. ಸಾವನ್ನು ಕೊನೆಯಲ್ಲಿ ಇಡುವ ಚಟ ಇದ್ದರೆ ಒಂದು ಸಲ ಅದನ್ನು ಮೊದಲನೇ ಪುಟಕ್ಕೆ ತನ್ನಿ, ಆಮೇಲೆ ಏನಾಗುತ್ತದೆ ಅಂತ ಬರೆಯಬೇಕಾಗುತ್ತದೆ, ನಿಜವಾದ ಕೆಲಸ ಅಲ್ಲಿಂದ ಶುರು. ಮಾಲೂರು ತಾಲ್ಲೂಕಿನ ಮಾಸ್ತಿಯವರು ನಮ್ಮ ಜಿಲ್ಲೆಯವರೇ, 1983ರ ಜ್ಞಾನಪೀಠ ಬಂದದ್ದು ಅವರಿಗೆ. ಅವರ ಕಥೆಗಳಲ್ಲಿ ಸಾವು, ಮೋಸ, ಮುರಿದ ಮನೆ ಎಲ್ಲ ಇದೆ, ಕಥೆ ಹೇಳುವವರ ದನಿ ಮಾತ್ರ ಏರುವುದೇ ಇಲ್ಲ. ಕೆಲವರಿಗೆ ಇದು ತಣ್ಣಗೆ ಅನಿಸುತ್ತದೆ. ನನಗೆ ಹಾಗನಿಸಿಲ್ಲ. ದನಿ ಏರಿಸದೆ ಬರೆಯುವುದನ್ನು ಕಲಿಯಲು ಅವರ ಸಣ್ಣ ಕಥೆಗಳನ್ನು ಜೋರಾಗಿ ಓದಿಕೊಳ್ಳಿ, ಪಕ್ಕದ ಕೋಣೆಯವರಿಗೆ ಕೇಳುವ ಹಾಗೆ.

ನಿಮ್ಮ ಮನೆಯದೇ ದುಃಖವಾದರೆ

ಅಪ್ಪ ಹೋದರು, ಜಮೀನು ಹೋಯಿತು, ಅಕ್ಕನ ಸಂಸಾರ ಮುರಿಯಿತು, ಇಂಥದ್ದಾದರೆ ಕೂಡಲೇ ಕಥೆ ಬರೆಯಬೇಡಿ. ಆದರೆ ಕೂಡಲೇ ಗುರುತು ಹಾಕಿಕೊಳ್ಳಿ, ಯಾಕಂದರೆ ಸಣ್ಣ ವಿಷಯಗಳು ಬೇಗ ಮರೆತುಹೋಗುತ್ತವೆ. ಆಸ್ಪತ್ರೆಯಲ್ಲಿ ಯಾವ ಬೆಂಚಿನ ಮೇಲೆ ಮಲಗಿದಿರಿ, ಬುತ್ತಿ ಯಾರು ತಂದರು, ಅದರಲ್ಲಿ ಬಸ್ಸಾರಿತ್ತೋ ಮೊಸರನ್ನವೋ, ಯಾರು ಬರುತ್ತಾರೆ ಅಂದುಕೊಂಡವರು ಬರಲಿಲ್ಲ, ಆ ದಿನಗಳಲ್ಲೂ ಯಾವ ಮಾತಿಗೆ ಎಲ್ಲರೂ ನಕ್ಕಿರಿ. ನಕ್ಕಿದ್ದನ್ನು ಬರೆದುಕೊಳ್ಳಲು ಮನಸ್ಸು ಒಪ್ಪಲ್ಲ, ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಬರೆದುಕೊಳ್ಳಿ. ವರ್ಷ ಕಳೆದ ಮೇಲೆ ಆ ಹಾಳೆ ತೆಗೆದರೆ ಅಳು ನಗು ಎರಡೂ ಅದರಲ್ಲೇ ಇರುತ್ತದೆ, ನೀವು ಹೊಸದಾಗಿ ಹುಟ್ಟಿಸಬೇಕಿಲ್ಲ.

ಹೆಸರು ಬದಲಾಯಿಸಿ, ಊರು ಬದಲಾಯಿಸಿ. ಆದರೆ ಬದಲಾಯಿಸಿದ್ದೇನೆ ಅಂತ ಧೈರ್ಯವಾಗಿ ಇರಬೇಡಿ. ಶ್ರೀನಿವಾಸಪುರದ ಮಾವಿನ ತೋಟದವರನ್ನು ಮುಳಬಾಗಿಲಿನ ಟೊಮೆಟೊ ಬೆಳೆಗಾರರನ್ನಾಗಿ ಮಾಡಿದರೂ ನಿಮ್ಮ ಚಿಕ್ಕಮ್ಮ ಮೊದಲ ಪುಟದಲ್ಲೇ "ಇದು ನಮ್ಮ ಮನೆ ವಿಷಯ ಅಲ್ವಾ" ಅಂತ ಹಿಡಿಯುತ್ತಾರೆ. ಅಚ್ಚಿಗೆ ಕೊಡುವ ಮುಂಚೆ ಅವರಿಗೇ ಓದಿ ಹೇಳುವುದು ವಾಸಿ. ಬೇಡ ಅಂದರೆ ಬಿಡಿ, ಅಥವಾ ಅವರು ಒಪ್ಪುವವರೆಗೆ ಕಾಯಿರಿ. ಒಪ್ಪಿದರೆ ತಿದ್ದುತ್ತಾರೆ, ಅದಕ್ಕೂ ಸಿದ್ಧರಾಗಿರಿ. ಅವರು ತಿದ್ದುವುದು ದುಃಖದ ಭಾಗವನ್ನಲ್ಲ. "ಆವತ್ತು ನಿಮ್ಮಜ್ಜ ಹಾಕ್ಕೊಂಡಿದ್ದು ಬಿಳೀ ಪಂಚೆ ಅಲ್ಲ ಕಣೋ, ಬಾರ್ಡರ್ ಇರೋದು, ನಾನೇ ತಂದುಕೊಟ್ಟಿದ್ದೆ" ಅನ್ನುತ್ತಾರೆ. ಪೆನ್ನು ಕೈಯಲ್ಲೇ ಇಟ್ಟುಕೊಂಡು ಹೋಗಿ.